ಪುಕ್ಕಟೆ ಮನೆಯ ಬಾಡಿಗೆ

ಮೂಡಿಗೆರೆ ಸೀಮೆಯಲ್ಲಿ ತೋಟದ ಆಳುಗಳ ಕೂಲಿಯ ಚರ್ಚೆ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: "ಅವ್ರಿಗೇನು ಮಾರಾಯ್ರೆ, ಮನೆ ಪುಕ್ಕಟೆ, ಸೌದೆ ತೋಟದ್ದೇ, ಕರೆಂಟೂ ನಮ್ದೇ. ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ನೋಡ್ಲಿ." ನಾನೂ ಹನ್ನೆರಡು ಎಕರೆ ಕಾಫಿಯ ಮನೆಯಲ್ಲಿ ಬೆಳೆದವನು. ಕಣದ ಕಟ್ಟೆಯ ಮೇಲೆ ಕೂತು ಈ ಮಾತು ಕೇಳಿದ್ದೇನೆ, ಹೇಳಿದ್ದೂ ಇದೆ. ದಯೆ ದಾಕ್ಷಿಣ್ಯದ ಪ್ರಶ್ನೆ ಆಮೇಲೆ ಇರಲಿ, ಮೊದಲು ಆ ಲೆಕ್ಕವೇ ತಪ್ಪು.

ಈ ಆಳುಗಳಿರುವ ಲೈನ್ ಮನೆ ನೋಡದವರಿಗೆ ಹೇಳುತ್ತೇನೆ. ಒಂದೇ ಉದ್ದನೆ ಮಾಡು, ಅದರಡಿ ನಾಲ್ಕೈದು ಬಾಗಿಲು. ಒಂದು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಮುಂದೆ ಮೊಣಕಾಲು ಚಾಚುವಷ್ಟು ಜಗಲಿ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವವರೆಗೆ ಬಟ್ಟೆ ಒಣಗುವುದು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಶಾಲೆಗೆ ಹೋಗುವ ಮಕ್ಕಳ ಯೂನಿಫಾರಂ ಹೊಗೆ ವಾಸನೆ ಹೊಡೆಯುತ್ತದೆ. ಈಚೆಗೆ ಟೈಲ್ಸ್ ಹಾಕಿ, ಬಚ್ಚಲು ಕಕ್ಕಸು ಕಟ್ಟಿಸಿದ ಒಳ್ಳೆಯ ಲೈನುಗಳೂ ಇವೆ. ಕಟ್ಟಿಸಿದವರನ್ನು ಹೊಗಳೋಣ. ಆದರೆ ನನ್ನ ತಕರಾರು ಇರುವುದು ಸೂರಿನ ಮೇಲಲ್ಲ, ಅದರ ಬೀಗದಕೈ ಯಾರ ಹತ್ತಿರ ಇದೆ ಎಂಬುದರ ಮೇಲೆ.

ಬಾಡಿಗೆ ಹೇಗೆ ಕಟ್ಟುತ್ತಾರೆ ನೋಡಿ. ಕೊಯ್ಲಿನ ದಿನಗಳಲ್ಲಿ ಪಕ್ಕದ ತೋಟದವರು ಕೆಜಿಗೆ ಒಂದು ರೂಪಾಯಿ ಹೆಚ್ಚು ಕೊಟ್ಟರೂ ಲೈನಿನವಳು ಹೋಗುವಂತಿಲ್ಲ. ಮೊದಲು ಇಲ್ಲಿಯ ಹಣ್ಣು ಮುಗಿಯಬೇಕು. "ಮನೆಗೆ ಎರಡು ಆಳು" ಎಂಬ ಬರೆಯದ ಕರಾರು ಎಷ್ಟೋ ತೋಟಗಳಲ್ಲಿದೆ. ಐಟಿಐ ಮುಗಿಸಿದ ಮಗ ಚಿಕ್ಕಮಗಳೂರಿಗೆ ಹೊರಟರೆ ಎರಡನೇ ಆಳು ಯಾರು ಎಂದು ತೋಟದ ಲೆಕ್ಕ ಬರೆಯುವ ರೈಟರ್ ಕೇಳುತ್ತಾನೆ. ಮಂಡಿ ಹೋದ ಅಜ್ಜಿ ಗೊಬ್ಬರದ ಬುಟ್ಟಿ ಹೊರುವುದು ಕೂಲಿಗಾಗಿಯಷ್ಟೇ ಅಂದುಕೊಂಡಿದ್ದೆ. ಬಾಗಿಲು ಉಳಿಸಿಕೊಳ್ಳುವುದಕ್ಕೂ ಹೌದು ಎಂದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು. ಒಪ್ಪದ ಕೂಲಿಗೆ ಒಪ್ಪುವುದು, ಮಗನನ್ನು ತೋಟದಲ್ಲೇ ಇಟ್ಟುಕೊಳ್ಳುವುದು, ವಯಸ್ಸು ಮರೆಮಾಚುವುದು: ತಿಂಗಳಿಗೆ ಇಷ್ಟು ಎಂದು ನೋಟು ಎಣಿಸುವ ಬಾಡಿಗೆದಾರ ಇಷ್ಟೊಂದು ತೆರುವುದಿಲ್ಲ. ಅವನಿಗೆ ಮನೆ ಬದಲಿಸಿದರೆ ಕೆಲಸ ಹೋಗುವುದಿಲ್ಲ, ಕೆಲಸ ಬಿಟ್ಟರೆ ಮನೆ ಹೋಗುವುದಿಲ್ಲ.

ಕಾನೂನು ಇಲ್ಲವೇ? ಇದೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಮನೆ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತು. ಈಗ ಅದು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಹಳೆಯ ಕಾಯ್ದೆ ತಟ್ಟುತ್ತಿದ್ದದ್ದು 5 ಹೆಕ್ಟೇರ್ ಜಮೀನು, 15 ಆಳು ಇರುವ ತೋಟಗಳಿಗೆ. ನಮ್ಮ ಹನ್ನೆರಡು ಎಕರೆ ಆ ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ! ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ರಷ್ಟು ಮಂದಿ 10 ಹೆಕ್ಟೇರ್‌ಗಿಂತ ಕಡಿಮೆ ಇರುವವರೇ ಆದ್ದರಿಂದ ನಮ್ಮಂಥವರೇ ಬಹಳ. ಇನ್ನು ಕಾಯ್ದೆ ತಟ್ಟಿದ ಕಡೆಯೂ ಅದು ಮನೆಯನ್ನು ನೌಕರಿಯ ಬಾಲವಾಗಿ ಕಟ್ಟಿತೇ ಹೊರತು ಆಳಿನ ಹೆಸರಿಗೆ ಮಾಡಲಿಲ್ಲ. ಅಂದು ಅದಕ್ಕೆ ಅರ್ಥವಿತ್ತು. ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಬಂದವರಿಗೆ ಕಾಡಿನ ನಡುವೆ ಬೇರೆ ಸೂರು ಎಲ್ಲಿತ್ತು? ಇಂದು ಬೆಳಿಗ್ಗೆ ಏಳಕ್ಕೆ ಕೊಟ್ಟಿಗೆಹಾರದಲ್ಲಿ ನಿಂತು ನೋಡಿ, ಪಿಕಪ್ ತುಂಬ ಆಳುಗಳು ಊರಿಂದ ತೋಟಕ್ಕೆ ಹೋಗುತ್ತಿರುತ್ತಾರೆ.

ಕೆಲಸಕ್ಕೆ ಕಟ್ಟಿದ ಮನೆಯ ಗತಿ ತಿಳಿಯಲು ಕಳಸದಿಂದ ದೂರ ಹೋಗಬೇಕಿಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ಕಂಪನಿ ಶಾಲೆ, ಆಸ್ಪತ್ರೆ ಸಮೇತ ಊರನ್ನೇ ಕಟ್ಟಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು, ಊರು ಬರಿದಾಯಿತು. ಅವು ಗಟ್ಟಿ ಮನೆಗಳು, ನಮ್ಮ ಲೈನಿಗಿಂತ ಹತ್ತು ಪಾಲು ಮೇಲು. ಇದ್ದವರನ್ನು ಆ ಗಟ್ಟಿತನ ಉಳಿಸಲಿಲ್ಲ.

ಕಾಫಿ ತೋಟ ಮಾಡುವುದನ್ನು ನಮಗೆ ಕಲಿಸಿದ ಇಂಗ್ಲಿಷರ ಹಳ್ಳಿಗಳಲ್ಲೂ ಹೊಲದ ಆಳಿಗೆ ಒಡೆಯನ ಮನೆ ಎಂಬ ಪದ್ಧತಿ ಇತ್ತು. 1976ರಲ್ಲಿ ಅವರು ಕಾನೂನು ತಂದು, ಕೆಲಸ ಹೋದ ಮಾತ್ರಕ್ಕೆ ಆಳನ್ನು ಹೊರಹಾಕುವಂತಿಲ್ಲ ಎಂದರು. ಈಗ ಅಲ್ಲಿಯ ಗೋಳು ಬೇರೆ: ಕಾರ್ನ್‌ವಾಲ್‌ನಂಥ ಕಡೆ ಪೇಟೆಯವರು ಎರಡನೇ ಮನೆ ಕೊಂಡು ಊರವರಿಗೆ ಸೂರು ಸಿಗದಂತಾಗಿದೆ, 2025ರ ಏಪ್ರಿಲ್‌ನಿಂದ ಅಂಥ ಮನೆಗಳಿಗೆ ದುಪ್ಪಟ್ಟು ತೆರಿಗೆ ಹಾಕಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಬಂದಿದೆ. ಇಲ್ಲೂ ಎಲ್ಲದಕ್ಕೂ ಹೋಂಸ್ಟೇ ಕಾರಣ ಎನ್ನುವುದು ಫ್ಯಾಷನ್. ರಸ್ತೆ ಬದಿಯ ಜಾಗಕ್ಕೆ ಬೆಲೆ ಏರಿದ್ದು ಅದರಿಂದಲೇ, ಒಪ್ಪುತ್ತೇನೆ. ಆದರೆ ಮುಳ್ಳಯ್ಯನಗಿರಿಗೆ ಒಂದು ಕಾರೂ ಬರದ ಕಾಲದಲ್ಲಿ ಲೈನಿನವರೇನು ಸೈಟು ಕೊಳ್ಳುತ್ತಿದ್ದರೇ?

ಬೆಳೆಗಾರರ ಭಯ ನನಗೆ ಗೊತ್ತು. ಮನೆ ಕೈಬಿಟ್ಟರೆ ಆಳು ಕೈಬಿಟ್ಟಂತೆ ಎಂದು. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ 50 ಕೆಜಿ ಮೂಟೆಗೆ 25 ಸಾವಿರ ದಾಟಿತು, ನಾಳೆ ಇಳಿದರೆ ಯಾರು ಗತಿ ಎಂದೂ ಕೇಳುತ್ತಾರೆ. ಆದರೆ ಲೈನ್ ಇಟ್ಟುಕೊಂಡೂ ಆಳು ಉಳಿದರೇ? ಲೈನಿನಲ್ಲಿ ಹುಟ್ಟಿದ ಹುಡುಗರು ಬೆಂಗಳೂರು, ಮಂಗಳೂರು ಸೇರಿದರು, ಅವರ ಕೋಣೆಗಳಲ್ಲಿ ಈಗ ಅಸ್ಸಾಮಿನವರು ಇದ್ದಾರೆ. ಊರಲ್ಲಿ ತನ್ನದೇ ಮನೆ ಇದ್ದವನಾದರೆ ಇಲ್ಲೇ ಇರುತ್ತಿದ್ದ, ಒಳ್ಳೆಯ ಕೂಲಿ ಕೊಟ್ಟವರ ತೋಟಕ್ಕೆ ಬರುತ್ತಿದ್ದ. ನಮಗೆ ಆಗದಿರುವುದು ಈ ಕೊನೆಯ ಮಾತೇ ಇರಬೇಕು.

ಹಾಗಾದರೆ ನಿವೇಶನ ಕೊಡಿ ಎಂದು ಪಂಚಾಯ್ತಿಗೆ ಹೋದರೆ ಸಿಗುವ ಉತ್ತರ: ಜಾಗ ಇಲ್ಲ, ಇರುವುದೆಲ್ಲ ಅರಣ್ಯ. ಪ್ರಧಾನಮಂತ್ರಿ ಆವಾಸ್ ಯೋಜನೆಯ 1.20 ಲಕ್ಷ ರೂಪಾಯಿ ನಮ್ಮ ಏರುದಾರಿಗೆ ಮರಳು ಇಟ್ಟಿಗೆ ಸಾಗಿಸಲೇ ಸಾಲದು, ಅದೂ ಸ್ವಂತ ಜಾಗ ಇದ್ದರೆ. ಭೂಕಂದಾಯ ಕಾಯ್ದೆಯ 94ಸಿ ಅಡಿ ಹಕ್ಕುಪತ್ರ ಸಿಗುವುದು ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡವರಿಗೆ, ಲೈನ್ ಇರುವುದು ಖಾಸಗಿ ತೋಟದಲ್ಲಿ. 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಮನೆ ಕಳಕೊಂಡ ಮಲೆಮನೆ, ಮಧುಗುಂಡಿಯವರೇ ಬದಲಿ ಜಾಗಕ್ಕೆ ವರ್ಷಗಟ್ಟಲೆ ಅಲೆದರು ಎಂದ ಮೇಲೆ ಕಾಗದವೇ ಇಲ್ಲದವರ ಪಾಡು ಕೇಳಬೇಕೇ?

ಆದರೆ ಇದೇ ಜಿಲ್ಲೆಯಲ್ಲಿ ಸರ್ಕಾರಕ್ಕೆ ಬೇರೊಂದು ಜಾಗ ಕಂಡಿದೆ. ಅದೇ ಭೂಕಂದಾಯ ಕಾಯ್ದೆಗೆ ಈಚೆಗೆ ತಂದ ತಿದ್ದುಪಡಿಯ ಪ್ರಕಾರ, 2005ಕ್ಕೆ ಮೊದಲು ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ, 30 ವರ್ಷದ ಗುತ್ತಿಗೆ. ಒತ್ತುವರಿದಾರರಲ್ಲಿ ನನ್ನ ನೆಂಟರೂ ಇದ್ದಾರೆ, ಅವರ ಕಷ್ಟವನ್ನು ಹಗುರ ಮಾಡುತ್ತಿಲ್ಲ. ಗುತ್ತಿಗೆ ಪತ್ರಕ್ಕೆ ಒಂದು ಷರತ್ತು ಸೇರಿಸಿ ಎಂದಷ್ಟೇ ಕೇಳುತ್ತಿದ್ದೇನೆ: ರಸ್ತೆಗೆ ಹತ್ತಿರದ ಹತ್ತು ಗುಂಟೆ ಪಂಚಾಯ್ತಿಗೆ ವಾಪಸು, ಲೈನಿನವರ ನಿವೇಶನಕ್ಕೆ. 25 ಎಕರೆ ಎಂದರೆ ಸಾವಿರ ಗುಂಟೆ. 30-40ರ ಒಂದು ಸೈಟಿಗೆ ಬೇಕಾದದ್ದು ಒಂದು ಗುಂಟೆ, ಮೇಲೆ ಚೂರು.