ಬೆಟ್ಟದ ಎಲೆಯ ಒಗರು

ಕೊರಟಗೆರೆಯ ಸಿದ್ದರಬೆಟ್ಟ ಗಿಡಮೂಲಿಕೆಗೆ ಹೆಸರಾದದ್ದು. ಮೇಲೇರಿದಷ್ಟೂ ಸೊಪ್ಪಿಗೆ ಕಸುವು ಹೆಚ್ಚೆಂಬ ನಂಬಿಕೆ ಇಂಥ ಬೆಟ್ಟಗಳ ಜೊತೆಗೇ ಬರುತ್ತದೆ. ವಿಜ್ಞಾನಿಗಳಲ್ಲಿ ಬಹುಕಾಲ ನಡೆದ ಮಾತು ಇದಕ್ಕೆ ತದ್ವಿರುದ್ಧ: ಎತ್ತರದಲ್ಲಿ ಚಳಿ ಹೆಚ್ಚು, ಎಲೆ ತಿನ್ನುವ ಹುಳು ಕಡಿಮೆ, ಹಾಗಾಗಿ ಮರ ತನ್ನ ಎಲೆಗೆ ಅಷ್ಟು ವಿಷ ತುಂಬಬೇಕಿಲ್ಲ. ಈಚಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ನಿಯಮ ಎಲ್ಲ ಕಡೆಯೂ ನಿಲ್ಲುವುದಿಲ್ಲ. ಕೆಲವು ಮರಗಳಲ್ಲಿ ರಕ್ಷಣೆ ಇಳಿಯುತ್ತದೆ, ಕೆಲವುಗಳಲ್ಲಿ ಏರುತ್ತದೆ. ನಮ್ಮ ಸೀಮೆಯ ಮಟ್ಟಿಗಂತೂ ಎರಡೂ ಪಕ್ಷದವರು ಎತ್ತರಕ್ಕೆ ಸಲ್ಲದ ಮಹತ್ವ ಕೊಟ್ಟಿದ್ದಾರೆ ಎಂಬುದು ನನ್ನ ವಾದ. ಮಧುಗಿರಿಯ ಏಕಶಿಲೆ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಶಿರಾ, ಪಾವಗಡದ ಬಯಲು 650ರ ಆಸುಪಾಸು. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಎಂದು ಲೆಕ್ಕ ಹಿಡಿದರೂ ಸೆಖೆ ಮೂರು ನಾಲ್ಕು ಡಿಗ್ರಿ ತಗ್ಗೀತು, ಅಷ್ಟೆ. ಅಷ್ಟಕ್ಕೆ ಹುಳು ಊರು ಬಿಡುವುದಿಲ್ಲ. ಬುಡದಿಂದ ನೆತ್ತಿಗೆ ಹೋಗುವಾಗ ನಿಜವಾಗಿ ಬದಲಾಗುವುದು ಮಣ್ಣಿನ ಆಳ. ಕೆರೆಯಂಗಳದ ಕರಿಜಾಲಿಗೆ ಆಳೆತ್ತರದ ಗೋಡು. ಬಂಡೆಯ ಬಿರುಕಿನಲ್ಲಿ ಬೇರಿಳಿಸಿದ ತುಗ್ಗಲಿಗೆ ಬೊಗಸೆ ಮಣ್ಣು.

ಎಲೆಯ ರಕ್ಷಣೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಕರಿಜಾಲಿಯ ಎಳೆಕಾಯೊಂದನ್ನು ಕಚ್ಚಿದರೆ ಸಾಕು. ನಾಲಿಗೆ ದೊರಗಾಗುತ್ತದೆ, ಬಾಯಿ ಆರುತ್ತದೆ. ಒಗರಿನ ಮೂಲವಾದ ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದು ಕಟ್ಟಿಹಾಕಿತೆಂದು ಅರ್ಥ. ತಂಗಡಿ ತೊಗಟೆಯಲ್ಲಿ ತೊಗಲು ಹದ ಮಾಡುವಾಗ ಆಗುವುದೂ ಇದೇ. ಮೇಕೆಯ ಹೊಟ್ಟೆಯಲ್ಲಿ ಇದೇ ನಡೆದರೆ ಮೇದ ಸೊಪ್ಪು ಮೈಗೆ ಹತ್ತುವುದಿಲ್ಲ. ಆದರೆ ಟ್ಯಾನಿನ್ ಕಟ್ಟಲು ಮರ ತಾನು ದುಡಿದ ಇಂಗಾಲವನ್ನು ಸುರಿಯಬೇಕು. ಆ ಪಾಲು ಬೆಳವಣಿಗೆಗೆ ಖೋತಾ. ಈ ಖರ್ಚು ಯಾರಿಗೆ ಗಿಟ್ಟುತ್ತದೆ? 1985ರಲ್ಲಿ ಪರಿಸರ ವಿಜ್ಞಾನಿಗಳಾದ ಕೋಲಿ, ಬ್ರಯಂಟ್, ಚೇಪಿನ್ ಕೊಟ್ಟ ಉತ್ತರ ಇಂದಿಗೂ ಗಟ್ಟಿಯಾಗಿದೆ: ಬಡ ನೆಲದಲ್ಲಿ ನಿಧಾನ ಬೆಳೆಯುವ ಮರಕ್ಕೆ. ಕಳೆದ ಎಲೆಯನ್ನು ಮತ್ತೆ ಚಿಗುರಿಸಲು ಅದಕ್ಕೆ ನೀರಿಲ್ಲ, ಸಾರಜನಕವಿಲ್ಲ. ಇರುವುದನ್ನು ಕಾಯ್ದುಕೊಳ್ಳುವುದೇ ಅಗ್ಗ. ಅದಕ್ಕೂ ಮುಂಚೆ, 1983ರಲ್ಲಿ, ಪನಾಮಾದ ಬ್ಯಾರೋ ಕೊಲರಾಡೋ ದ್ವೀಪದ ಮರಗಳ ಮೇಲಿನ ತಮ್ಮ ಅಳತೆಗಳನ್ನು ಕೋಲಿ ಪ್ರಕಟಿಸಿದ್ದರು. ಬಿಸಿಲಿಗೆ ಬೇಗ ಬೆಳೆಯುವ ಮರಗಳ ಬಲಿತ ಎಲೆ, ನೆರಳಲ್ಲಿ ನಿಧಾನ ಬೆಳೆಯುವ ಮರಗಳದಕ್ಕಿಂತ ಆರು ಪಟ್ಟು ವೇಗವಾಗಿ ಹುಳುಗಳ ಪಾಲಾಗುತ್ತಿತ್ತು. ಆ ಅಳತೆಯಲ್ಲಿ ಎತ್ತರದ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು.

ನೆತ್ತಿಯ ಮೇಲೆ ಮೇಕೆಯೇ ಹತ್ತದಿದ್ದರೆ ರಕ್ಷಣೆ ಯಾರಿಂದ ಎಂದು ಕೇಳಬಹುದು. ತಿನ್ನುವವರ ಸಂಖ್ಯೆ ಅಲ್ಲಿ ಕಡಿಮೆಯಿರಬಹುದು. ತಿಂದಾಗ ಮರಕ್ಕಾಗುವ ನಷ್ಟ ಮಾತ್ರ ದೊಡ್ಡದು. ಮರದ ಲೆಕ್ಕಾಚಾರ ನಡೆಯುವುದು ನಷ್ಟದ ಮೇಲೆ. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಬಲವಾದದ್ದು. ಒಗರಿನ ಬಳಗದ ಫೀನಾಲ್‌ಗಳಲ್ಲಿ ಕೆಲವು ಅತಿನೇರಳೆ ಕಿರಣವನ್ನೂ ತಡೆಯುತ್ತವೆ. ಬರಕ್ಕೆ ಸಿಕ್ಕ ಎಲೆಯಲ್ಲೂ ಹೆಚ್ಚುತ್ತವೆ. ಬಂಡೆಯ ಮೇಲಿನ ಎಲೆ ಒಗರಾಗಿದೆ ಎಂದಮಾತ್ರಕ್ಕೆ ಅದು ಮೇಕೆಗೋ ಹುಳುವಿಗೋ ಹೂಡಿದ ಅಸ್ತ್ರವೆಂದು ಹೇಳುವಂತಿಲ್ಲ. ಇದನ್ನು ಒಪ್ಪಲೇಬೇಕು. ಒಪ್ಪಿದರೂ ಎತ್ತರದ ವಾದಕ್ಕೆ ಬಲ ಬರುವುದಿಲ್ಲ: ಬರದ ಬೇಗೆ ಮರಕ್ಕೆ ತಟ್ಟುವುದು ಮತ್ತೆ ತೆಳು ಮಣ್ಣಿನ ಮೂಲಕವೇ, ಬಯಲಿನ ಪಾವಗಡದಲ್ಲೂ.

ತೀರ್ಮಾನಕ್ಕೆ ಬೇಕಾದ ಪರೀಕ್ಷೆ ಕಷ್ಟದ್ದಲ್ಲ. ಒಂದೇ ಜಾತಿಯ ಮರ, ತುಗ್ಗಲಿಯೇ ಆಗಲಿ, ನಾಲ್ಕು ಕಡೆ ಸಿಗಬೇಕು: ಬಯಲಿನ ಗೋಡು ಮಣ್ಣಲ್ಲಿ, ಬಯಲಿನದೇ ಕಲ್ಲುಮೊರಡಿಯಲ್ಲಿ, ಬೆಟ್ಟದ ಮೇಲಿನ ಮಣ್ಣು ತುಂಬಿದ ತಗ್ಗಿನಲ್ಲಿ, ಬೋಳು ಬಂಡೆಯಲ್ಲಿ. ಪ್ರತಿ ಕಡೆಯೂ ಕೆಲವಕ್ಕೆ ಬೇಲಿ ಹಾಕಿ, ಕೆಲವನ್ನು ಮೇಯಲು ಬಿಟ್ಟು, ಒಂದೇ ವಯಸ್ಸಿನ ಎಲೆ ಕಿತ್ತು ಟ್ಯಾನಿನ್ ಅಳೆಯಬೇಕು. ಬಯಲಿನ ಮೊರಡಿಯ ಎಲೆ ಬೆಟ್ಟದ ಬಂಡೆಯ ಎಲೆಯಷ್ಟೇ ಒಗರಾಗಿದ್ದರೆ ನನ್ನ ವಾದ ನಿಂತಿತು. ಬೆಟ್ಟದ ತಗ್ಗಿನ ಎಲೆ ಬಯಲಿನ ಗೋಡಿನ ಎಲೆಗಿಂತ ಒಗರಾಗಿದ್ದರೆ ಬಿತ್ತು. ಸೊಪ್ಪು ತರಿದು ಹಾಕುವ ಕುರಿಗಾಹಿಗೂ ಈ ಉತ್ತರ ಉಪಯೋಗದ್ದು: ಕುರಿ ಮೇಕೆಯಷ್ಟು ಟ್ಯಾನಿನ್ ತಾಳದು, ಬೇಸಗೆಯ ಕೊನೆಯಲ್ಲಿ ಯಾವ ಜಾಗದ ಕೊಂಬೆ ಕಡಿಯಬೇಕೆಂಬುದು ಆಗ ಹಿಂಡಿನ ಪ್ರಶ್ನೆ.