ಗದ್ದಲದ ಗಾಡಿಗೆ ಮನೆಮದ್ದು: ಒಂದು ವಿಮರ್ಶೆ

ಅಮೆರಿಕದ ಜಾನುವಾರು ಫಾರಂಗಳಲ್ಲಿ, ಹಣ್ಣಿನ ತೋಟಗಳಲ್ಲಿ, ಬೇಟೆಯ ಕಾಡುಗಳಲ್ಲಿ ‘ಯುಟಿವಿ’ ಎಂಬ ನಾಲ್ಕು ಗಾಲಿಯ ಪುಟ್ಟ ವಾಹನ ಬಹಳ ಬಳಕೆಯಲ್ಲಿದೆ. ಅಕ್ಕಪಕ್ಕ ಕೂರುವ ಆಸನ, ಹಿಂದೆ ಸಾಮಾನು ಹೇರುವ ತೊಟ್ಟಿ, ಕಲ್ಲುಮಣ್ಣಿನ ದಾರಿಗೆ ಒಗ್ಗುವ ದಪ್ಪ ಟೈರು ಇದರ ಲಕ್ಷಣಗಳು. 1988ರಲ್ಲಿ ಕವಾಸಾಕಿ ಕಂಪನಿಯ ‘ಮ್ಯೂಲ್’ ಮಾರುಕಟ್ಟೆಗೆ ಬಂದ ಮೇಲೆ ಅನೇಕ ಕಂಪನಿಗಳು ಇಂಥ ವಾಹನಗಳನ್ನು ತಯಾರಿಸಿದವು. ಇವುಗಳ ಬಗ್ಗೆ ಬಳಕೆದಾರರ ದೊಡ್ಡ ದೂರು ಎಂದರೆ ಸದ್ದು. ಜಿಂಕೆ ಬೆದರುತ್ತದೆ, ದನ ಚದುರುತ್ತದೆ, ನೆರೆಯವರು ಗೊಣಗುತ್ತಾರೆ. ಆದ್ದರಿಂದ ಅನೇಕ ಮಾಲೀಕರು ತಮ್ಮ ಗ್ಯಾರೇಜಿನಲ್ಲೇ ಹೊಗೆಕೊಳವೆಗೆ ಚಿಕಿತ್ಸೆ ಮಾಡಿಕೊಳ್ಳುತ್ತಾರೆ.

ಈ ಚಿಕಿತ್ಸೆಗಳಲ್ಲಿ ನಾಲ್ಕು ಹೆಚ್ಚು ಪ್ರಚಲಿತ. ಕೊಳವೆಯೊಳಗೆ ಉಕ್ಕಿನ ನಾರು ತುಂಬುವುದು, ಕೊಳವೆಯ ಬಾಯಿಯನ್ನು ಕಿರಿದು ಮಾಡುವುದು, ಬಾಯಿಯನ್ನು ನೆಲದತ್ತ ತಿರುಗಿಸುವುದು, ಮೂಲ ಸೈಲೆನ್ಸರಿನ ಹಿಂದೆ ಕಾರಿನ ಸೈಲೆನ್ಸರೊಂದನ್ನು ಜೋಡಿಸುವುದು. ಮಾಡಿದವರು ಸಾಮಾನ್ಯವಾಗಿ ‘ಸದ್ದು ಅರ್ಧಕ್ಕಿಳಿಯಿತು’ ಎನ್ನುತ್ತಾರೆ. ಯಾವುದರ ಅರ್ಧ? ಯಾವ ಆವೃತ್ತಿಯಲ್ಲಿ? ಯಾವ ಬೆಲೆಗೆ? ಈ ಪ್ರಶ್ನೆಗಳನ್ನು ಕೇಳದೆ ಮದ್ದಿನ ಗುಣವನ್ನು ಒಪ್ಪುವುದು ವಿಜ್ಞಾನವಲ್ಲ.

ಅನಿಲ ಬೇರೆ, ಅಲೆ ಬೇರೆ

ಹೊಗೆಕೊಳವೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಸಾಗುತ್ತವೆ. ಒಂದು, ಹೊರಹೋಗಲೇಬೇಕಾದ ಬಿಸಿ ಅನಿಲದ ಪ್ರವಾಹ. ಇನ್ನೊಂದು, ನಿರ್ಗಮ ಕವಾಟ ತೆರೆದಾಗಲೆಲ್ಲ ಹುಟ್ಟುವ ಒತ್ತಡದ ಅಲೆ. ನಾವು ಸದ್ದೆಂದು ಕೇಳುವುದು ಮುಖ್ಯವಾಗಿ ಈ ಅಲೆಯನ್ನು. ಅನಿಲಕ್ಕೆ ದಾರಿ ಬಿಟ್ಟು ಅಲೆಯನ್ನು ಮಾತ್ರ ತಡೆಯುವುದು ಒಳ್ಳೆಯ ಸೈಲೆನ್ಸರಿನ ಕೆಲಸ. ಮನೆಮದ್ದುಗಳ ಮೂಲ ದೋಷವೆಂದರೆ ಇವೆರಡನ್ನೂ ಒಂದೇ ಎಂದು ತಿಳಿದು ಎರಡನ್ನೂ ಒಟ್ಟಿಗೆ ಕಟ್ಟಿಹಾಕಲು ಹೊರಡುವುದು.

ಸಮಾನ ಅಂತರದಲ್ಲಿ ಉರಿಯುವ ಎರಡು ಸಿಲಿಂಡರುಗಳ, ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನೋಣ. ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಹೀಗಾಗಿ ಸೆಕೆಂಡಿಗೆ 50 ಸ್ಪಂದಗಳು. ಮೂಲ ಆವೃತ್ತಿ 50 ಹರ್ಟ್ಸ್. ಅದರ ಮೇಲೆ 100, 150 ಹರ್ಟ್ಸ್ ಮುಂತಾದ ಗುಣಕಗಳಿರುತ್ತವೆ. ಅನಿಲದ ತಾಪ 400 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 520 ಮೀಟರ್. ಅಂದರೆ 50 ಹರ್ಟ್ಸ್ ಅಲೆಯ ತರಂಗದೂರ 10 ಮೀಟರಿಗೂ ಹೆಚ್ಚು! ನಾಲ್ಕೂ ಮದ್ದುಗಳನ್ನು ಅಳೆಯಲು ಈ ಒಂದು ಸಂಖ್ಯೆ ನಮಗೆ ಒರೆಗಲ್ಲು.

ಮೊದಲ ಮೂರು ಮದ್ದುಗಳು

ನಾರು ಶಬ್ದಶಕ್ತಿಯನ್ನು ಘರ್ಷಣೆಯ ಮೂಲಕ ಶಾಖವಾಗಿಸುತ್ತದೆ. ಅದರ ದಪ್ಪ ತರಂಗದೂರದ ಕಾಲುಭಾಗದ ಆಸುಪಾಸಿನಲ್ಲಿದ್ದಾಗ ಹೀರಿಕೆ ಚೆನ್ನಾಗಿರುತ್ತದೆ. 5 ಸೆಂಟಿಮೀಟರ್ ದಪ್ಪದ ನಾರಿಗೆ ಇದು 2600 ಹರ್ಟ್ಸ್. 50 ಹರ್ಟ್ಸ್‌ಗೆ ಬೇಕಾದದ್ದು 2.6 ಮೀಟರ್ ದಪ್ಪ. ಆದ್ದರಿಂದ ಸಡಿಲವಾಗಿ ತುಂಬಿದ ನಾರು ಚರಚರ, ಸುಯ್‌ ಎಂಬ ಸದ್ದುಗಳನ್ನು ಅಳಿಸುತ್ತದೆ, ಗುಡುಗುಡು ಹಾಗೆಯೇ ಉಳಿಯುತ್ತದೆ. ಬಿಗಿಯಾಗಿ ತುರುಕಿದರೆ ಅನಿಲದ ದಾರಿಯೇ ಕಟ್ಟುತ್ತದೆ. ಕಾರ್ಖಾನೆಯ ಸೈಲೆನ್ಸರುಗಳಲ್ಲೂ ನಾರು ಉಂಟು, ಆದರೆ ಅದು ತೂತುಗಳಿರುವ ಕೊಳವೆಯ ಸುತ್ತ ಇರುತ್ತದೆ. ನಡುವಿನ ದಾರಿ ತೆರವಾಗಿರುತ್ತದೆ.

ಬಾಯಿ ಕಿರಿದು ಮಾಡಿದರೆ ಸದ್ದು ತುಸು ಇಳಿಯುವುದು ನಿಜ. ಆದರೆ ಬೆಲೆ ನೋಡಿ. ವ್ಯಾಸ ಅರ್ಧವಾದರೆ ಅನಿಲದ ವೇಗ ನಾಲ್ಕು ಪಟ್ಟಾಗಬೇಕು. ಒತ್ತಡದ ನಷ್ಟ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಆ ಬಾಯಿಯಲ್ಲಿ 16 ಪಟ್ಟಾಗುತ್ತದೆ. ಎಂಜಿನ್ ತನ್ನ ಶಕ್ತಿಯನ್ನೇ ವ್ಯಯಿಸಿ ಹೊಗೆಯನ್ನು ತಳ್ಳಬೇಕಾಗುತ್ತದೆ. ಕವಾಟಗಳು ಹೆಚ್ಚು ಬಿಸಿಯಾಗುತ್ತವೆ. ಜೊತೆಗೆ ವೇಗವಾಗಿ ನುಗ್ಗುವ ಅನಿಲ ತಾನೇ ಹೊಸ ಸುಯ್‌ ಸದ್ದನ್ನು ಹುಟ್ಟಿಸುತ್ತದೆ. ‘ಎಂಜಿನ್‌ಗೆ ಸ್ವಲ್ಪ ಹಿಮ್ಮುಖ ಒತ್ತಡ ಬೇಕೇ ಬೇಕು’ ಎಂಬ ಗ್ಯಾರೇಜಿನ ನಂಬಿಕೆ ಈ ಮದ್ದಿಗೆ ಬೆಂಬಲವಾಗಿ ಬರುವುದುಂಟು. ಎಂಜಿನ್‌ಗೆ ನೆರವಾಗುವುದು ಸರಿಯಾದ ಸಮಯಕ್ಕೆ ಮರಳಿ ಬರುವ ಅಲೆ. ಪ್ರವಾಹಕ್ಕೆ ಒಡ್ಡಿದ ತಡೆಯಲ್ಲ.

ಬಾಯಿಯನ್ನು ನೆಲದತ್ತ ತಿರುಗಿಸುವ ಮದ್ದು ಇನ್ನೂ ದುರ್ಬಲ. 4 ಸೆಂಟಿಮೀಟರ್ ವ್ಯಾಸದ ರಂಧ್ರದಿಂದ ಹೊರಬರುವ 7 ಮೀಟರ್ ತರಂಗದೂರದ ಅಲೆಗೆ (ಹೊರಗಿನ ತಂಪು ಗಾಳಿಯಲ್ಲಿ 50 ಹರ್ಟ್ಸ್‌ನ ತರಂಗದೂರ ಇಷ್ಟು) ದಿಕ್ಕೆಂಬುದೇ ಇಲ್ಲ. ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಇದಕ್ಕಿಂತ ಗಂಭೀರ ಸಂಗತಿ, ಬಿಸಿ ಅನಿಲ ಒಣಹುಲ್ಲಿನ ಮೇಲೆ ಬೀಳುವುದು. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಎಂಜಿನ್‌ಗೆ ಕಿಡಿತಡೆ ಇರಬೇಕೆಂಬ ನಿಯಮವಿದೆ. ಸೈಲೆನ್ಸರಿನ ತುದಿಯನ್ನು ಕತ್ತರಿಸಿ ಬಾಗುಕೊಳವೆ ಬೆಸೆಯುವವರು ಆ ಕಿಡಿತಡೆಯ ಜಾಲರಿಯನ್ನೇ ಕಿತ್ತೆಸೆಯುವ ಸಂಭವವಿದೆ. ಸದ್ದಿಲ್ಲದೆ ಹೊತ್ತುವ ಬೆಂಕಿ ಯಾರಿಗೂ ಬೇಡ.

ನಾಲ್ಕನೆಯ ಮದ್ದು

ಎರಡನೆಯ ಸೈಲೆನ್ಸರ್ ಜೋಡಿಸುವ ಮದ್ದು ಮಾತ್ರ ಭೌತಶಾಸ್ತ್ರದ ತಳಹದಿಯುಳ್ಳದ್ದು. ಕಿರಿದಾದ ಕೊಳವೆ ಥಟ್ಟನೆ ಅಗಲವಾದ ಕೋಣೆಗೆ ತೆರೆದರೆ ಅಲೆಯ ಬಹುಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ, ಅನಿಲ ಮುಂದೆ ಸಾಗುತ್ತದೆ. ಈ ಕೋಣೆಗಳ ಗಣಿತದಲ್ಲಿ ಬೆಂಗಳೂರಿನ ಕೊಡುಗೆ ದೊಡ್ಡದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ. ಎಲ್. ಮುಂಜಾಲ್ ಅವರು 1987ರಲ್ಲಿ ಪ್ರಕಟಿಸಿದ ‘ಅಕೌಸ್ಟಿಕ್ಸ್ ಆಫ್ ಡಕ್ಟ್ಸ್ ಅಂಡ್ ಮಫ್ಲರ್ಸ್’ ಈ ಕ್ಷೇತ್ರದ ಪ್ರಮಾಣ ಗ್ರಂಥಗಳಲ್ಲಿ ಒಂದು.

ಸರಳ ಕೋಣೆಯ ಸೂತ್ರ ಬಳಸಿ ಲೆಕ್ಕ ಹಾಕೋಣ. ಕೋಣೆಯ ಉದ್ದ ಅರ್ಧ ಮೀಟರ್. ಅದರ ವ್ಯಾಸ ಕೊಳವೆಯ ಎರಡು ಪಟ್ಟಿದ್ದರೆ, 50 ಹರ್ಟ್ಸ್‌ನಲ್ಲಿ ಸಿಗುವ ತಗ್ಗು ಕೇವಲ 1.2 ಡೆಸಿಬೆಲ್. ವ್ಯಾಸ ನಾಲ್ಕು ಪಟ್ಟಾದರೆ 8 ಡೆಸಿಬೆಲ್. ಅದೇ ಕೋಣೆ 260 ಹರ್ಟ್ಸ್‌ನಲ್ಲಿ 18 ಡೆಸಿಬೆಲ್ ತಗ್ಗಿಸುತ್ತದೆ. ಆದರೆ 520 ಹರ್ಟ್ಸ್‌ನಲ್ಲಿ, ಅಂದರೆ ಕೋಣೆಯ ಉದ್ದ ತರಂಗದೂರದ ಸರಿ ಅರ್ಧವಾದಾಗ, ಏನನ್ನೂ ತಗ್ಗಿಸುವುದಿಲ್ಲ! ಕೈಗೆ ಸಿಕ್ಕ ಸಣ್ಣ ಡಬ್ಬಿಯನ್ನು ಬೆಸೆದವರಿಗೆ ನಿರಾಶೆಯಾಗುವುದಕ್ಕೂ ದೊಡ್ಡ ಕಾರಿನ ಸೈಲೆನ್ಸರ್ ಹಾಕಿದವರು ಮೆಚ್ಚುವುದಕ್ಕೂ ಕಾರಣ ಇಲ್ಲಿದೆ. ತಗ್ಗುಸ್ವರವನ್ನು ಅಡಗಿಸಲು ಜಾಗ ಬೇಕು.

ಎರಡು ಎಚ್ಚರಿಕೆಗಳು. ಎರಡು ಸೈಲೆನ್ಸರುಗಳ ತಗ್ಗನ್ನು ಸುಮ್ಮನೆ ಕೂಡಿಸುವಂತಿಲ್ಲ; ನಡುವಿನ ಕೊಳವೆ ಕೆಲವು ಆವೃತ್ತಿಗಳಲ್ಲಿ ಅನುರಣಿಸಿ ಲಾಭವನ್ನು ನುಂಗಬಹುದು. ಎರಡನೆಯದಾಗಿ, ಮೇಜಿನ ಮೇಲೆ ತಣ್ಣನೆಯ ಗಾಳಿಯಲ್ಲಿ ಪರೀಕ್ಷಿಸಿದ ಕೋಣೆ ಬಿಸಿ ಅನಿಲದಲ್ಲಿ ಬೇರೆಯಾಗಿ ವರ್ತಿಸುತ್ತದೆ. ಶಬ್ದದ ವೇಗ ಒಂದೂವರೆ ಪಟ್ಟಾಗುವುದರಿಂದ ಎಲ್ಲ ಆವೃತ್ತಿಗಳೂ ಅಷ್ಟೇ ಮೇಲಕ್ಕೆ ಸರಿಯುತ್ತವೆ.

‘ಅರ್ಧ’ ಎಂದರೇನು?

ಶಬ್ದಶಕ್ತಿ ಅರ್ಧವಾದರೆ 3 ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಅರ್ಧವೆನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು. ಯಾವ ಅರ್ಧವೆಂದು ಹೇಳದ ಮಾತಿಗೆ ಅರ್ಥವಿಲ್ಲ. ಮಾಪಕದ ಆಯ್ಕೆಯೂ ಮುಖ್ಯ. ಕ್ಯಾಲಿಫೋರ್ನಿಯದ ಕಾನೂನು 1986ರ ಜನವರಿ 1 ಮತ್ತು ಅನಂತರ ತಯಾರಾದ ಇಂಥ ವಾಹನಗಳಿಗೆ, ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 96 ಡೆಸಿಬೆಲ್ ಮಿತಿ ಹಾಕಿದೆ. ಇದು ‘ಎ’ ತೂಕದ ಅಳತೆ; 50 ಹರ್ಟ್ಸ್‌ನಲ್ಲಿ ಅದು 30 ಡೆಸಿಬೆಲ್ ಕಳೆದು ಓದುತ್ತದೆ. ನಾರು ತುಂಬಿದ ಕೊಳವೆ ಈ ಮಾಪಕದಲ್ಲಿ ಚೆನ್ನಾಗಿ ಉತ್ತೀರ್ಣವಾಗಬಹುದು, ಗೋಡೆ ದಾಟಿ ಹೋಗುವ ಗುಡುಗುಡು ಮಾತ್ರ ನೆರೆಯವರ ನಿದ್ದೆ ಕೆಡಿಸುತ್ತಲೇ ಇರುತ್ತದೆ.

ಇನ್ನೊಂದು ಲೆಕ್ಕ. ಚಾಲಕನ ಕಿವಿಯ ಬಳಿ ಹೊಗೆಕೊಳವೆಯಿಂದ 90, ಎಂಜಿನ್ ಮೈ, ಗಾಳಿ ಎಳೆಯುವ ಕೊಳವೆ, ಬೆಲ್ಟು, ಟೈರುಗಳಿಂದ ಒಟ್ಟು 85 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಮೊತ್ತ 91.2. ಕೊಳವೆಯ ಸದ್ದನ್ನು 10 ಡೆಸಿಬೆಲ್ ಇಳಿಸಿದರೆ ಮೊತ್ತ 86.2. ಇನ್ನೂ 10 ಇಳಿಸಿದರೆ 85.1 ಮಾತ್ರ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ‘ನಿಯೋಶ್’ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. ಮೊದಲ ಹೆಜ್ಜೆ ಆ ರೈತನ ಸುರಕ್ಷಿತ ಅವಧಿಯನ್ನು 2 ಗಂಟೆಯೊಳಗಿನಿಂದ 6 ಗಂಟೆಗೆ ಏರಿಸುತ್ತದೆ. ಎರಡನೆಯ ಹೆಜ್ಜೆಯ ಲಾಭ 2 ಗಂಟೆಗೂ ಕಡಿಮೆ. ಅಲ್ಲಿಂದ ಮುಂದೆ ಕೊಳವೆಯನ್ನು ಬಿಟ್ಟು ಉಳಿದ ಮೂಲಗಳತ್ತ ನೋಡಬೇಕು.

ಒಟ್ಟಿನಲ್ಲಿ, ಮೊದಲ ಮೂರು ಮದ್ದುಗಳನ್ನು ಕೈಬಿಡುವುದು ಲೇಸು. ನಾಲ್ಕನೆಯದನ್ನು ಮಾಡುವವರು ಕಿಡಿತಡೆಯನ್ನು ಉಳಿಸಿಕೊಳ್ಳಬೇಕು. ಸಾಕಷ್ಟು ದೊಡ್ಡ ಕೋಣೆಯನ್ನು ರಬ್ಬರ್ ಆಧಾರದ ಮೇಲೆ ಕೂರಿಸಬೇಕು. ಸಂದುಗಳಲ್ಲಿ ಸೋರಿಕೆ ಇರಕೂಡದು. ಮುಚ್ಚಿದ ಕ್ಯಾಬಿನ್‌ಗೆ ಕಾರ್ಬನ್ ಮಾನಾಕ್ಸೈಡ್ ಸೇರಿದರೆ ಪ್ರಾಣಾಪಾಯ. ಬದಲಾವಣೆಗೆ ಮೊದಲು ಮತ್ತು ಅನಂತರ, ಒಂದೇ ವೇಗ, ಒಂದೇ ದೂರ, ಒಂದೇ ಸ್ಥಳದಲ್ಲಿ, ಎಂಜಿನ್ ಬಿಸಿಯಾದ ಮೇಲೆ ಅಳೆಯಬೇಕು. ‘ಎ’ ತೂಕದ ಜೊತೆಗೆ ತಗ್ಗುಸ್ವರವನ್ನು ಬಿಡದ ‘ಸಿ’ ತೂಕದ ಅಳತೆಯನ್ನೂ ದಾಖಲಿಸಬೇಕು.

ಶಿಕ್ಷಕರು ಮೇಲಿನ ಡೆಸಿಬೆಲ್ ಮೊತ್ತದ ಲೆಕ್ಕವನ್ನು ಪದವಿಪೂರ್ವ ತರಗತಿಯಲ್ಲಿ ಲಾಗರಿದಮ್ ಪಾಠದ ಜೊತೆ ಕೊಡಬಹುದು. 85 ಡೆಸಿಬೆಲ್ ಬದಲು 70 ಇಟ್ಟುಕೊಂಡು ವಿದ್ಯಾರ್ಥಿಗಳು ಮತ್ತೆ ಲೆಕ್ಕ ಮಾಡಲಿ. ಎರಡನೆಯ ಹೆಜ್ಜೆ ಯಾವಾಗ ಸಾರ್ಥಕ ಎಂಬುದು ಅವರಿಗೇ ತಿಳಿಯುತ್ತದೆ.