ಕೂತಲ್ಲೇ ಪೆಡಲ್ ಪರೀಕ್ಷೆ

ಹಾಸನದಲ್ಲೋ ಗದಗದಲ್ಲೋ ಇರುವ ಗಿಟಾರ್ ವಾದಕರಿಗೆ ನಾಲ್ಕು ಓವರ್‌ಡ್ರೈವ್ ಪೆಡಲ್‌ಗಳನ್ನು ಪಕ್ಕಪಕ್ಕ ಇಟ್ಟು, ‘ತಗೊಳ್ಳಿ, ನುಡಿಸಿ ನೋಡಿ’ ಎನ್ನುವ ಅಂಗಡಿ ಎಲ್ಲಿ ಸಿಗಬೇಕು? ಬಹಳ ಮಂದಿ ವಿಡಿಯೊ ನೋಡಿಯೇ ದುಡ್ಡು ಸುರಿಯುತ್ತಾರೆ. ವಿಡಿಯೊದಲ್ಲಿ ನುಡಿಸುವುದು ಪಳಗಿದ ಕೈ. ಕೇಳಿಸಿದ್ದು ಪೆಡಲಿನ ಗುಣವೋ ಬೆರಳಿನ ಗುಣವೋ ಬಿಡಿಸಿ ಹೇಳುವುದು ಕಷ್ಟ. ಬ್ರೌಸರಿನಲ್ಲೇ ನಾಬ್ ತಿರುಗಿಸಿ ಕೇಳುವ ಡೆಮೊಗಳನ್ನು ನಾನು ಕೇಳಿದವರಿಗೆಲ್ಲ ಹೇಳುವುದು ಇದಕ್ಕೇ.

ಒಳ್ಳೆಯ ಡೆಮೊದ ಹಿಂದೆ ದೊಡ್ಡ ಶ್ರಮವಿದೆ. ಪೆಡಲ್ ಇಲ್ಲದೆ ನುಡಿಸಿದ ತುಣುಕೊಂದನ್ನು ಮೊದಲು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಆಮೇಲೆ ಅದನ್ನೇ ಪೆಡಲಿನೊಳಗೆ ಮತ್ತೆ ಮತ್ತೆ ಹಾಯಿಸಿ, ನಾಬ್‌ಗಳ ನೆಲೆಗಳ ಒಂದೊಂದು ಜೋಡಣೆಗೂ ಒಂದೊಂದು ರೆಕಾರ್ಡಿಂಗ್. ಮೂರು ನಾಬ್, ತಲಾ ಐದು ನೆಲೆ ಎಂದರೂ 125 ಆದವು. ಬೆರಳು ಅದೇ, ತಂತಿ ಅದೇ, ಬದಲಾಗುವುದು ನಾಬ್ ಮಾತ್ರ. ಇಷ್ಟು ನ್ಯಾಯವಾದ ಹೋಲಿಕೆ ಅಂಗಡಿಯಲ್ಲೂ ಸಿಗುವುದಿಲ್ಲ.

ಮೊದಲು ಲೆವೆಲ್ ಸರಿಮಾಡಿಕೊಳ್ಳಿ. ಪೆಡಲ್ ಆನ್ ಇದ್ದಾಗಲೂ ಆಫ್ ಇದ್ದಾಗಲೂ ಸದ್ದು ಒಂದೇ ಮಟ್ಟದಲ್ಲಿರಬೇಕು. ಸದ್ದು ಜೋರಾದಷ್ಟೂ ನಮ್ಮ ಕಿವಿಗೆ ಮಂದ್ರ ತುಂಬಿಕೊಂಡಂತೆ ಕೇಳಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಜೋರಾಗಿದ್ದ ಪೆಡಲ್ಲೇ ಗೆದ್ದುಬಿಡುವುದು ಹೀಗೆ. ಫೋನಿನ ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಗಿಟಾರಿನ ದಪ್ಪ ತಂತಿಯ ಮೂಲಸ್ವರ ಸುಮಾರು 82 ಹರ್ಟ್ಸ್. ಅಷ್ಟು ಕೆಳಗಿನದನ್ನು ಫೋನ್ ಹೊರಡಿಸಲಾರದು.

ಈಗ ಐಬನೆಜ್ ಕಂಪನಿಯ ಹಸಿರು ಟ್ಯೂಬ್ ಸ್ಕ್ರೀಮರ್ ತೆಗೆದುಕೊಳ್ಳಿ. ಡ್ರೈವ್, ಟೋನ್, ಲೆವೆಲ್, ಮೂರೇ ನಾಬ್. ಡ್ರೈವ್ ಏರಿಸಿ ಕೇಳಿದರೆ ಮೂಗಿನಿಂದ ಹಾಡಿದ ಹಾಗಿರುತ್ತದೆ, ಮಂದ್ರ ಸೊರಗಿರುತ್ತದೆ. ಹೊಸಬರು ‘ಇದೇನು, ಇಷ್ಟು ತೆಳು!’ ಎಂದು ಕೈಬಿಡುವುದು ಇಲ್ಲೇ. ಸುಮಾರು 720 ಹರ್ಟ್ಸ್‌ನಿಂದ ಕೆಳಗೆ ಹೋದಂತೆಲ್ಲ ಅದರ ಸರ್ಕ್ಯೂಟ್ ಗೇನ್ ಇಳಿಸುತ್ತಾ ಹೋಗುತ್ತದೆ. ಬ್ಯಾಂಡಿನಲ್ಲಿ ಆ ಕೆಳಗಿನ ಜಾಗ ಬಾಸ್ ಮತ್ತು ಕಿಕ್ ಡ್ರಮ್‌ನದು. ಅದನ್ನು ಅವರಿಗೇ ಬಿಟ್ಟುಕೊಟ್ಟ ಗಿಟಾರ್, ನಡುವಿನ ಸ್ವರಗಳಲ್ಲಿ ಎಲ್ಲರನ್ನೂ ದಾಟಿಕೊಂಡು ಎದ್ದು ಕೇಳಿಸುತ್ತದೆ. ಸ್ಟೀವಿ ರೇ ವಾನ್ ಅವರ ಲೀಡ್ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅವರಂಥವರು ಮೊದಲೇ ಏರಿಸಿಟ್ಟ ವಾಲ್ವ್ ಆಂಪನ್ನು ಇನ್ನಷ್ಟು ತಳ್ಳಲು ಪೆಡಲ್ ಬಳಸುತ್ತಿದ್ದರು: ಡ್ರೈವ್ ಕಡಿಮೆ, ಲೆವೆಲ್ ಮೇಲೆ. ಡೆಮೊದ ಆಂಪ್ ತೀರಾ ಸ್ವಚ್ಛವಾಗಿದ್ದರೆ ಈ ಮಜಾ ನಿಮಗೆ ಗೊತ್ತೇ ಆಗುವುದಿಲ್ಲ.

ಫಜ್ ಫೇಸ್ ವಿಷಯದಲ್ಲಿ ಮಾತ್ರ ಡೆಮೊ ಕೈಚೆಲ್ಲುತ್ತದೆ. 1966ರಲ್ಲಿ ಬಂದ, ಹೆಂಡ್ರಿಕ್ಸ್ ಮೆಚ್ಚಿದ ಈ ದುಂಡನೆಯ ಪೆಡಲಿಗೆ ಇರುವುದು ಎರಡೇ ನಾಬ್. ಮೂರನೆಯದು ಗಿಟಾರಿನ ಮೇಲಿದೆ ಎನ್ನಬೇಕು. ಇದರ ಇನ್‌ಪುಟ್ ಇಂಪೀಡೆನ್ಸ್ ಬಹಳ ಕಡಿಮೆ, ಹಾಗಾಗಿ ಗಿಟಾರಿನ ಪಿಕಪ್ಪೇ ಸರ್ಕ್ಯೂಟಿನ ಭಾಗವಾಗುತ್ತದೆ. ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಸಾಕು, ಗರಗರ ಕರಗಿ ಗಾಜಿನಂಥ ಸ್ವರ ಹೊರಡುತ್ತದೆ. ಫಜ್ ಫೇಸನ್ನು ಜನ ಇಷ್ಟಪಡುವುದೇ ಆ ಸ್ವರಕ್ಕಾಗಿ. ಮೊದಲೇ ರೆಕಾರ್ಡ್ ಮಾಡಿದ ತುಣುಕಿಗೆ ಪಿಕಪ್ಪೂ ಇಲ್ಲ, ವಾಲ್ಯೂಮ್ ಇಳಿಸುವ ಕಿರುಬೆರಳೂ ಇಲ್ಲ. ಇದೊಂದನ್ನು ಡೆಮೊ ನಂಬಿ ಕೊಳ್ಳಬೇಡಿ, ಬೇಡವೆಂದು ಬಿಡಲೂಬೇಡಿ.

ಡಿಲೇ, ಕೋರಸ್, ರಿವರ್ಬ್‌ಗಳಿಗೆ ಇಷ್ಟು ಎಚ್ಚರ ಬೇಕಿಲ್ಲ. ಕೇಳಿ, ಹಿಡಿಸಿದರೆ ಕೊಳ್ಳಿ. ವಾ ಪೆಡಲಿನ ಜೀವ ಕಾಲಿನಲ್ಲಿದೆ, ಮೌಸಿನಿಂದ ಅದನ್ನು ಅಳೆಯಲಾಗದು.

ಡೆಮೊ ತಯಾರಿಸುವವರಲ್ಲಿ ನನ್ನದು ಎರಡು ಬೇಡಿಕೆ. ಪ್ರತಿ ಪೆಡಲಿಗೂ ಬಾಸ್, ಡ್ರಮ್ಸ್ ಕೂಡಿದ ಒಂದು ತುಣುಕು ಇರಲಿ. ಫಜ್‌ಗಳಿಗಂತೂ ಗಿಟಾರನ್ನು ನೇರವಾಗಿ ಸಿಕ್ಕಿಸಿ, ವಾಲ್ಯೂಮ್ ಅರ್ಧಕ್ಕಿಳಿಸಿ ನುಡಿಸಿದ ಒಂದು ರೆಕಾರ್ಡಿಂಗ್ ಸೇರಿಸಿ.